ಕಾದರೆ ಕಾಯಬೇಕು

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಕಾಂಪೌಂಡು ಗೋಡೆ. ಆ ಕಡೆಯವರು ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಬಸ್ಸುಗಳ ಹೊಟ್ಟೆಯಡಿ ಮಲಗಿದ್ದು, ಫೋರ್‌ಮನ್ ಆಗಿ ಎದ್ದು ಬಂದವರು. ಈ ಕಡೆಯವನು ನಾನು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟು, ಬಾನೆಟ್ಟು ಎತ್ತುವುದಕ್ಕೆ ಯಾವ ಹಿಡಿ ಎಳೆಯಬೇಕೆಂದು ಇವತ್ತಿಗೂ ತಡಕಾಡುವವನು. ಗೋಡೆಯ ಮೇಲೆ ಒಂದು ಕಡೆ ಗಾರೆ ಸವೆದು ನುಣ್ಣಗಾಗಿದೆ. ಅದು ಫೋರ್‌ಮನ್ನರ ಮೊಣಕೈ ಜಾಗ. ಬೆಳಿಗ್ಗೆ ಏಳಕ್ಕೆ ಅಲ್ಲಿ ಮೊಣಕೈ ಬಂತೆಂದರೆ ನಮ್ಮ ಅಡುಗೆಮನೆಯಲ್ಲಿ ಮೂರನೇ ಲೋಟಕ್ಕೂ ಡಿಕಾಕ್ಷನ್ ಬೀಳುತ್ತದೆ.

ಆ ಗೋಡೆಯ ಮೇಲೆ ಈಚೆಗೆ ಹದಿನೈದು ದಿನ ನಡೆದ ಮಾತೆಲ್ಲ ನನ್ನ ಕಾರಿನ ಜ್ವರದ್ದು.

ಜ್ವರ ಬಂದದ್ದು ಮಾದಪ್ಪನ ಬೆಟ್ಟದ ದಾರಿಯಲ್ಲಿ. ಸಂಕ್ರಾಂತಿ ಕಳೆದು ಎರಡು ವಾರವಾಗಿತ್ತು. ಕೊಳ್ಳೇಗಾಲ, ಹನೂರು ದಾಟಿ ಕೌದಳ್ಳಿಯ ಕಡೆ ಹೋಗುವ ರಸ್ತೆಯನ್ನು ಆ ಕಾಲದಲ್ಲಿ ನೋಡಿದವರಿಗೆ ಗೊತ್ತು, ಅದು ರಸ್ತೆಯಲ್ಲ, ಕಣ. ಒಣಗಿದ ಹುರುಳಿ ಗಿಡವನ್ನು ಡಾಂಬರಿನ ಮೇಲೆ ಮಂಡಿಯುದ್ದ ಹಾಸಿರುತ್ತಾರೆ. ಹೋಗಿ ಬರುವ ಬಸ್ಸು, ಲಾರಿ, ಕಾರುಗಳೇ ಒಕ್ಕಣೆಯ ಎತ್ತುಗಳು. ಪಕ್ಕಕ್ಕೆ ಸರಿದು ಹೋಗೋಣವೆಂದು ನೋಡಿದ ನನ್ನನ್ನು ತಲೆಗೆ ಟವೆಲು ಸುತ್ತಿದ ಹೆಂಗಸೊಬ್ಬಳು ಕೈಬೀಸಿ ಹುರುಳಿಯ ಮಧ್ಯಕ್ಕೇ ಕರೆದಳು. ಬೆಟ್ಟಕ್ಕೆ ಹೋಗುವಾಗ ದಾರಿಯಲ್ಲೇ ಪುಣ್ಯ ಸಿಕ್ಕರೆ ಬಿಡುವುದೇಕೆ? ಚರಚರ ಸದ್ದು ಮಾಡುತ್ತ, ಹಿಂದೆ ಹೊಟ್ಟಿನ ಮೋಡ ಎಬ್ಬಿಸುತ್ತ, ಅಂಥ ಏಳೆಂಟು ಹಾಸುಗಳ ಮೇಲೆ ಕಾರು ಹಾಯಿಸಿದೆ.

"ರೀ, ಏಸಿ ಯಾಕೋ ತಣ್ಣಗೆ ಬರ್ತಿಲ್ಲ" ಅಂದಳು ನಮ್ಮಾಕೆ.

"ಹೊರಗೆ ಬಿಸಿಲು ನೋಡು" ಅಂದೆ.

ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ತಾಳಬೆಟ್ಟ ಬಿಟ್ಟು ಘಾಟಿ ಹತ್ತಲು ಶುರುಮಾಡಿದ ಸ್ವಲ್ಪ ಹೊತ್ತಿಗೆ, ಇಷ್ಟು ವರ್ಷ ಅರ್ಧಕ್ಕಿಂತ ಮೇಲೇಳದೆ ಸರ್ಕಾರಿ ಕಡತದ ಹಾಗೆ ಮಲಗಿದ್ದ ಮುಳ್ಳು ನೋಡನೋಡುತ್ತಲೇ ಕೆಂಪು ಗೆರೆ ಮುಟ್ಟಿತು. ನಿಲ್ಲಿಸಿ ಬಾನೆಟ್ಟು ಎತ್ತಿದೆ. ಬುಸ್ಸೆಂದು ಹಬೆ. ಕಾಲ್ನಡಿಗೆಯಲ್ಲಿ ಹೊರಟಿದ್ದ ಪರಿಷೆಯವರು ನಿಂತು ನೋಡಿ, "ಉಘೇ ಮಾದಪ್ಪ" ಎಂದು ಮುಂದೆ ಹೋದರು. ನಾನು ಟವೆಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳಕ್ಕೆ ಕೈಹಾಕಿದೆ. ಹಿಂದೆ ನಿಂತ ಲಾರಿಯ ಡ್ರೈವರ್ ಕೂಗಿಕೊಂಡೇ ಓಡಿಬಂದ.

"ಮುಟ್ಬ್ಯಾಡಿ ಸಾ! ಮುಚ್ಚಳ ತಗುದ್ರ ಮಕ ಬೆಂದೋಯ್ತದ!"

"ಮತ್ತೆ ಏನು ಮಾಡಲಿ?"

"ಏನೂ ಮಾಡ್ಬ್ಯಾಡಿ. ಕಾದದ ಸಾ. ಕಾಯ್ಬೇಕು."

ಹಿಂದಿನ ಗಾಲಿಗೆ ಒಂದು ಕಲ್ಲು ಕೊಟ್ಟು, ತಡೆಗೋಡೆಯ ಮೇಲೆ ಕೂತು ಬೀಡಿ ಹಚ್ಚಿದ. ಕನ್ನಡದ ಒಂದೇ ಧಾತುವಿನಲ್ಲಿ ರೋಗ, ಚಿಕಿತ್ಸೆ ಎರಡನ್ನೂ ಹೇಳಿ ಮುಗಿಸಿದವನನ್ನು ನಾನು ಕಂಡದ್ದು ಅದೇ ಮೊದಲು.

ನನಗೆ ನಾಚಿಕೆಯಾಯಿತು. ಒತ್ತಡ ಹೆಚ್ಚಿದರೆ ಕುದಿಬಿಂದು ಏರುತ್ತದೆಂದು ಮೂವತ್ತು ಬ್ಯಾಚಿನ ಮಕ್ಕಳಿಗೆ ಕುಕ್ಕರಿನ ಚಿತ್ರ ಬರೆದು ತೋರಿಸಿದವನು ನಾನು. ರೇಡಿಯೇಟರ್ ಮುಚ್ಚಳವೂ ಕುಕ್ಕರಿನ ತೂಕವೇ. ನನ್ನ ಕಾರಿನದರ ಮೇಲೆ 0.9 ಎಂದು ಅಚ್ಚಾಗಿದೆ. ಅಷ್ಟು ಬಾರ್ ಒತ್ತಡದವರೆಗೆ ಅದು ಬಾಯಿ ಬಿಡುವುದಿಲ್ಲ. ಮೈಸೂರು ಇರುವುದು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ. ನಮ್ಮ ಮನೆಯ ಪಾತ್ರೆಯಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿಗೆ. ಎಂಜಿನ್ನಿನ ನೀರು ದಿನವೂ 90ರ ಹತ್ತಿರ ಓಡಾಡುತ್ತದೆ. ಮುಚ್ಚಳ ಗಟ್ಟಿಯಿದ್ದರೆ ಅದು ಸುಮಾರು 117ರವರೆಗೂ ಕುದಿಯುವುದಿಲ್ಲ. ಸಡಿಲವಾದರೆ ಕುದಿಯುವುದಕ್ಕೆ ಏಳೇ ಮೆಟ್ಟಿಲು. ಒತ್ತಡದಲ್ಲಿರುವ ಅಂಥ ನೀರಿನ ಮುಚ್ಚಳ ತೆಗೆದರೆ ಅಷ್ಟೂ ಒಂದೇ ಕ್ಷಣಕ್ಕೆ ಕುದಿದು ಮುಖಕ್ಕೆ ಎರಚುತ್ತದೆ. ಇದೆಲ್ಲ ಪರೀಕ್ಷೆಗೆ ಬರುವ ಪ್ರಶ್ನೆಯೆಂದು ಹೇಳಿಕೊಟ್ಟಿದ್ದೆ. ಘಾಟಿಗೆ ಬರುವ ಪ್ರಶ್ನೆಯೆಂದು ನನಗೇ ತಿಳಿದಿರಲಿಲ್ಲ.

ತಣ್ಣೀರು ಸುರಿಯಲೂ ಅವನು ಬಿಡಲಿಲ್ಲ. ಕಾದ ಕಾವಲಿಗೆ ನೀರು ಚಿಮುಕಿಸಿದರೆ ಕಾವಲಿ ತಡೆದುಕೊಳ್ಳುತ್ತದೆ, ಅಲ್ಯೂಮಿನಿಯಂ ಹೆಡ್ಡು ತಡೆಯುವುದಿಲ್ಲ. ಒಂದೋ ಬಿರುಕು, ಇಲ್ಲವೇ ಬೆಂಡು. ಒಂದು ಗಂಟೆ ಕೂತೆವು.

ಸುಮ್ಮನೆ ಕೂರಲಾರದೆ ನಮ್ಮಾಕೆಗೆ ಬರ್ಥಾ ಬೆನ್ಜ್‌ಳ ಕಥೆ ಹೇಳಿದೆ. 1888ರ ಆಗಸ್ಟಿನಲ್ಲಿ ಆಕೆ ಗಂಡ ಕಾರ್ಲ್ ಬೆನ್ಜ್ ಮಾಡಿದ್ದ ಮೂರು ಗಾಲಿಯ ಬಂಡಿಯಲ್ಲಿ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ನೂರು ಕಿಲೋಮೀಟರು ದಾಟುವ ದಾರಿ. ಆ ಬಂಡಿಗೆ ಈಗಿನ ಹಾಗೆ ರೇಡಿಯೇಟರ್ ಇರಲಿಲ್ಲ. ನೀರು ಕುದಿದು ಆವಿಯಾಗಿ ಹೋಗುವುದೇ ಅದರ ತಂಪು. ಹಾಗಾಗಿ ದಾರಿಯುದ್ದಕ್ಕೂ ಹಳ್ಳ, ಬಾವಿ ಕಂಡಲ್ಲೆಲ್ಲ ನೀರು ಕುಡಿಸಬೇಕು. ಏರು ಬಂದರೆ ಮಕ್ಕಳು ಇಳಿದು ತಳ್ಳಬೇಕು. ಪೆಟ್ರೋಲಿನಂಥ ಎಣ್ಣೆಯನ್ನು ಔಷಧಿ ಅಂಗಡಿಯಲ್ಲಿ ಕೊಂಡಳು. ಎಣ್ಣೆಯ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಗಂಡನಿಗೆ ಹೇಳದೆಯೇ ಹೊರಟಿದ್ದಳು.

"ಅದಕ್ಕೇ ತವರು ಮುಟ್ಟಿದ್ದು" ಅಂದಳು ನಮ್ಮಾಕೆ.

ನೀರು ತುಂಬಿಸಿದ ಮೇಲೆ ಡ್ರೈವರ್ ಇನ್ನೊಂದು ಮದ್ದು ಹೇಳಿದ. ಏಸಿ ಬಂದ್ ಮಾಡಿ, ಹೀಟರನ್ನು ಪೂರ್ತಿ ಇಡಿ. ಒಳಗಿನ ಹೀಟರೂ ಒಂದು ಪುಟ್ಟ ರೇಡಿಯೇಟರೇ. ಎಂಜಿನ್ನಿನ ಕಾವನ್ನು ಅದು ನಮ್ಮ ಮೇಲೆ ಊದಿ ಅಷ್ಟರಮಟ್ಟಿಗೆ ಎಂಜಿನ್ನನ್ನು ಉಳಿಸುತ್ತದೆ. ಕಿಟಕಿಗಳನ್ನೆಲ್ಲ ಇಳಿಸಿ, ಆ ಬಿಸಿಲಿನಲ್ಲಿ ಹೀಟರ್ ಹಾಕಿಕೊಂಡು ಬೆಟ್ಟ ಹತ್ತಿದೆವು. ದೇವಸ್ಥಾನದ ಮುಂದೆ ಇಳಿದಾಗ ನಮ್ಮಿಬ್ಬರ ಮುಖ ಇಡ್ಲಿ ಪಾತ್ರೆಯಿಂದ ಆಗತಾನೆ ತೆಗೆದಂತಿತ್ತು. ಮುಳ್ಳು ಮಾತ್ರ ಮುಕ್ಕಾಲಿನ ಕೆಳಗೇ ಇತ್ತು. ಮಾದಪ್ಪ ಕಾದ.

ಊರಿಗೆ ಬಂದ ಮೇಲೆ ಗೋಡೆಯ ಎರಡೂ ಕಡೆ ಸಲಹೆಗಳ ಸುಗ್ಗಿ. ಎದುರುಮನೆಯ ಬ್ಯಾಂಕಿನವರು, "ಮಾರಿಬಿಡಿ ಸಾರ್, ಹದಿನೆಂಟು ವರ್ಷದ ಗಾಡಿ" ಎಂದರು. ಮಹಡಿ ಮನೆಯ ಹುಡುಗ ಫೋನಿನಲ್ಲಿ ಹನ್ನೆರಡು ಕಾರಣಗಳ ಪಟ್ಟಿ ತೆಗೆದ. ಹಾಲಿನವನು, "ಆ ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್, ನನ್ನ ಆಟೋ ಭಾವ ಹಾಗೇ ಮಾಡಿದ್ದು" ಎಂದ. ಒಂದು ಗ್ಯಾರೇಜಿನಲ್ಲಿ ಬಾನೆಟ್ಟು ಎತ್ತಿ, ಇಣುಕಿ, ಇಳಿಸಿ, "ಹೆಡ್ ಇಳಿಸಬೇಕು, ಗ್ಯಾಸ್ಕೆಟ್ಟು, ಫೇಸಿಂಗು ಎಲ್ಲ ಸೇರಿ 28,000" ಎಂದರು. ಅಷ್ಟೂ ಎರಡೂವರೆ ನಿಮಿಷದಲ್ಲಿ.

ಫೋರ್‌ಮನ್ನರು ಕಾಫಿ ಮುಗಿಸುವವರೆಗೂ ಮಾತಾಡಲಿಲ್ಲ. ಆಮೇಲೆ ಒಂದೇ ಪ್ರಶ್ನೆ.

"ಯಾವಾಗ ಕಾಯುತ್ತೆ, ಮೇಷ್ಟ್ರೇ?"

"ಬೆಟ್ಟ ಹತ್ತುವಾಗ ಕಾಯಿತು."

"ಅದು ಒಂದು ಸಲ. ಜ್ವರ ಅಂತ ಬಂದವನನ್ನ ಡಾಕ್ಟರು ಬೆಳಿಗ್ಗೆ ಬರುತ್ತಾ, ಸಂಜೆ ಬರುತ್ತಾ, ಚಳಿ ಬರುತ್ತಾ ಅಂತ ಕೇಳಲ್ವಾ? ಗಾಡಿಗೂ ಹಾಗೇ. ನಿಂತಾಗ ಮಾತ್ರ ಕಾದು, ಓಡುವಾಗ ತಣ್ಣಗಾದರೆ ಫ್ಯಾನಿನ ಕಡೆ ನೋಡಿ. ಓಡುವಾಗ ಗಾಳಿ ತಾನಾಗೇ ಹೊಡೆಯುತ್ತೆ, ನಿಂತರೆ ಫ್ಯಾನೇ ಗತಿ. ನಿಂತಾಗ ಸರಿಯಿದ್ದು ಹೈವೇನಲ್ಲಿ ಕಾದರೆ ನೀರು ಸುತ್ತುತ್ತಿಲ್ಲ ಅಂತ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬೇಕು, ಇಲ್ಲ ವಾಟರ್ ಪಂಪಿನ ರೆಕ್ಕೆ ತಿಂದುಹೋಗಿರಬೇಕು. ಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೇ ಕಾದರೆ ಥರ್ಮೋಸ್ಟಾಟ್ ಕಚ್ಚಿಕೊಂಡಿದೆಯಾ ನೋಡಿ. ಎಲ್ಲೂ ಸೋರದೆ ನೀರು ಮಾತ್ರ ಕಮ್ಮಿಯಾಗ್ತಿದ್ದರೆ ಆಗ ಹೆಡ್ ಗ್ಯಾಸ್ಕೆಟ್ ಮಾತು. ಯಾವಾಗ ಅಂತ ಕೇಳದೆ ಏನು ಅಂತ ಹೇಳೋನು ಮೆಕ್ಯಾನಿಕ್ಕಲ್ಲ, ಜ್ಯೋತಿಷಿ."

ಒಂದು ವಾರ ಬರೆದಿಡಿ ಎಂದು ಮನೆಪಾಠ ಕೊಟ್ಟರು. ಮುಳ್ಳು ಮುಕ್ಕಾಲು ದಾಟಿದರೆ ನಿಲ್ಲಿಸಬೇಕು ಎಂಬುದೊಂದೇ ಷರತ್ತು. ನಿವೃತ್ತ ಮೇಷ್ಟ್ರಿಗೆ ಇದಕ್ಕಿಂತ ಸುಖವೇನಿದೆ? ಹಳೆಯ ಹಾಜರಿ ಪುಸ್ತಕ ಹೊರಬಂತು. ಸೋಮವಾರ: ರಿಂಗ್ ರಸ್ತೆ, ವೇಗ 60, ಮುಳ್ಳು ಅರ್ಧಕ್ಕಿಂತ ತುಸು ಮೇಲೆ. ಬುಧವಾರ: ದೇವರಾಜ ಮಾರುಕಟ್ಟೆ ಹತ್ತಿರ ಹತ್ತು ನಿಮಿಷ ನಿಂತಾಗ ಮುಕ್ಕಾಲು. ಶುಕ್ರವಾರ: ಚಾಮುಂಡಿ ಬೆಟ್ಟ ಹತ್ತುವಾಗ ಮುಕ್ಕಾಲು, ಇಳಿಯುವಾಗ ತಾನೂ ಇಳಿಯಿತು.

ಫೋರ್‌ಮನ್ನರು ಓದಿ ಗಲ್ಲ ಕೆರೆದುಕೊಂಡರು. "ನಿಂತರೂ ಕಾಯುತ್ತೆ, ಹತ್ತಿದರೂ ಕಾಯುತ್ತೆ. ಒಬ್ಬ ಕಳ್ಳ ಅಲ್ಲ ಅನ್ಸುತ್ತೆ." ಶನಿವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಪ್ಯಾನರಿನ ಚೀಲ ಹಿಡಿದು ಗೇಟಿನಿಂದ ಒಳಗೆ ಬಂದರು. ಗೋಡೆ ಮಾತಿಗೆ, ಗೇಟು ಕೆಲಸಕ್ಕೆ. ಅವರ ನಿಯಮವೇ ಹಾಗೆ. ಇನ್ನೊಂದು ನಿಯಮ, ಪುಕ್ಕಟೆಯಿಂದ ಶುರುಮಾಡಿ ದುಬಾರಿಯ ಕಡೆ ಹೋಗಬೇಕು.

ಮೊದಲು ಎಣ್ಣೆ ಹಾಕುವ ಮುಚ್ಚಳ ಬಿಚ್ಚಿ ಒಳಮೈ ತೋರಿಸಿದರು. ನೀರು ಎಣ್ಣೆ ಬೆರೆತಿದ್ದರೆ ಅಲ್ಲಿ ನೊರೆ ಕಾಫಿಯ ಬಣ್ಣದ ಜಿಡ್ಡು ಇರಬೇಕಿತ್ತು. ಇರಲಿಲ್ಲ. ರೇಡಿಯೇಟರ್ ಬಾಯಿ ತೆರೆದಿಟ್ಟೇ ಸ್ಟಾರ್ಟ್ ಮಾಡಿಸಿದರು. ನೀರಿನಲ್ಲಿ ಒಂದೇ ಸಮನೆ ಗುಳ್ಳೆ ಏಳಲಿಲ್ಲ. ಸೈಲೆನ್ಸರಿನಲ್ಲಿ ಸಿಹಿ ವಾಸನೆಯ ಬಿಳಿ ಹೊಗೆಯೂ ಇಲ್ಲ. "28,000 ಉಳೀತು" ಅಂದರು. ಏಸಿ ಹಾಕಿಸಿದರು. ಫ್ಯಾನು ಗಿರ್ರೆಂದು ತಿರುಗಿತು. ಎಂಜಿನ್ ಬಿಸಿಯಾದ ಮೇಲೆ ಮೇಲಿನ ಹೋಸನ್ನೂ ಕೆಳಗಿನ ಹೋಸನ್ನೂ ಮುಟ್ಟಿ ನೋಡಿದರು. ಎರಡೂ ಬಿಸಿ, ನೀರು ಸುತ್ತುತ್ತಿದೆ. ಪಂಪಿನಡಿ ಒದ್ದೆಯಿಲ್ಲ.

ಮುಚ್ಚಳವನ್ನು ಕೈಯಲ್ಲಿ ಹಿಡಿದು ಮಾತ್ರ ನಿಂತುಬಿಟ್ಟರು. ಒಳಗಿನ ರಬ್ಬರು ಹಳೇ ಕುಕ್ಕರಿನ ಗ್ಯಾಸ್ಕೆಟ್ಟಿನ ಹಾಗೆ ಗಡುಸಾಗಿ, ಅಂಚಿನಲ್ಲಿ ಸೀಳಿತ್ತು. "ಇವನೊಬ್ಬ ಸಿಕ್ಕಿದ. ಇವನಿಂದ ಕುದಿಯೋದು. ಆದರೆ ಮೊದಲು ಕಾಯಿಸಿದೋನು ಬೇರೆ."

ಹಾಲಿನವನ ಗುಮಾನಿಯನ್ನೂ ತೀರಿಸಿಬಿಡೋಣವೆಂದು, ಎಂಜಿನ್ ಆರಿದ ಮೇಲೆ ಮಧ್ಯಾಹ್ನ ಥರ್ಮೋಸ್ಟಾಟ್ ಬಿಚ್ಚಿದರು. ಅಂಗೈಯಗಲದ ಹಿತ್ತಾಳೆಯ ಸಾಮಾನು, ನಡುವೆ ಸ್ಪ್ರಿಂಗು, ಅಂಚಿನಲ್ಲಿ 82 ಎಂಬ ಅಂಕಿ. ಈ ಭಾಗ ನನ್ನದು ಎಂದು ನಾನು ಮುಂದೆ ಬಿದ್ದೆ. ಸ್ಕೂಲಿನ ಕಾಲದ ಥರ್ಮಾಮೀಟರ್ ಹುಡುಕಿದೆ. ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಪಾತ್ರೆಗೆ ನೀರು ತುಂಬಿ, ತಳ ಮುಟ್ಟದ ಹಾಗೆ ಥರ್ಮೋಸ್ಟಾಟನ್ನು ದಾರದಲ್ಲಿ ತೂಗಿಬಿಟ್ಟು ಒಲೆ ಹಚ್ಚಿದೆ. ಇಬ್ಬರೂ ಬಗ್ಗಿ ನೋಡುತ್ತ ನಿಂತೆವು. 60, ಏನಿಲ್ಲ. 75, ಏನಿಲ್ಲ. 82 ದಾಟುತ್ತಿದ್ದಂತೆ ತಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತು. ನೋಡುತ್ತಿದ್ದಂತೆ ಅದು ನಿದ್ದೆಗಣ್ಣಿನ ರೆಪ್ಪೆಯ ಹಾಗೆ ನಿಧಾನವಾಗಿ ಅಗಲವಾಯಿತು. ನೀರು ಕುದಿಯುವ ಹೊತ್ತಿಗೆ ಕಿರುಬೆರಳು ತೂರುವಷ್ಟು ಬಾಯಿ ತೆರೆದಿತ್ತು. ಒಳಗಿರುವುದು ಒಂದು ಚಿಟಿಕೆ ಮೇಣ, ಅಷ್ಟೆ. ಕಾವಿಗೆ ಕರಗಿ, ಉಬ್ಬಿ, ಕಡ್ಡಿಯನ್ನು ನೂಕುತ್ತದೆ. ತಣ್ಣಗಾದರೆ ಸ್ಪ್ರಿಂಗು ವಾಪಸು ಎಳೆಯುತ್ತದೆ. ಕರೆಂಟಿಲ್ಲ, ತಂತಿಯಿಲ್ಲ.

"ಇದನ್ನ ಕಿತ್ತು ಬಿಸಾಕ್ತಾರಲ್ಲ!" ಎಂದರು ಫೋರ್‌ಮನ್ನರು, ತಮಗೇ ಯಾರೋ ಬೈದ ಹಾಗೆ. "ಇದಿಲ್ಲದಿದ್ದರೆ ಎಂಜಿನ್ ಬೇಗ ಹದಕ್ಕೆ ಬರಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಒಳಗೆ ಬೇಗ ಸವೆಯುತ್ತೆ. ಬಾಗಿಲು ಕಾಯೋನು ನಿದ್ದೆ ಮಾಡಿದರೆ ಎಬ್ಬಿಸಬೇಕು, ಇಲ್ಲ ಬೇರೆಯವನನ್ನ ಇಡಬೇಕು. ಬಾಗಿಲನ್ನೇ ಕಿತ್ತು ಹಾಕ್ತೀರಾ?"

ಅಷ್ಟರಲ್ಲಿ ನಮ್ಮಾಕೆ ಕಾಫಿ ತರಲು ಬಂದವಳು, ತನ್ನ ಹಾಲಿನ ಪಾತ್ರೆಯಲ್ಲಿ ತೂಗುತ್ತಿದ್ದ ಹಿತ್ತಾಳೆಯನ್ನು ನೋಡಿದಳು. ಆ ಹೊತ್ತಿಗೆ ಅಡುಗೆಮನೆಯಲ್ಲಿ ಏರಿದ ಕಾವನ್ನು ಅಳೆಯಲು ನನ್ನ ಥರ್ಮಾಮೀಟರಿನಲ್ಲಿ ಅಂಕಿ ಸಾಲುತ್ತಿರಲಿಲ್ಲ. ಫೋರ್‌ಮನ್ನರು ಡಿಪೋದ ಅನುಭವಸ್ಥರು, ತಕ್ಷಣ ಮಾತು ತಿರುಗಿಸಿದರು.

"ತಾಯಿ, ನೀವೂ ಬೆಟ್ಟಕ್ಕೆ ಹೋಗಿದ್ದಿರಲ್ಲ, ಕಾದದ್ದು ಬಿಟ್ಟು ಬೇರೆ ಏನಾದರೂ ಕಂಡಿತಾ ನಿಮಗೆ?"

"ಕೌದಳ್ಳಿ ಹತ್ತಿರ ಆ ಹುರುಳಿ ತುಳಿಸಿದಾಗಿನಿಂದ ಏಸಿ ತಣ್ಣಗೆ ಬರ್ತಿಲ್ಲ ಅಂತ ಹದಿನೈದು ದಿನದಿಂದ ಹೇಳ್ತಿದೀನಿ. ಕೇಳೋರು ಯಾರು?"

ಫೋರ್‌ಮನ್ನರು ಲೋಟ ಕೆಳಗಿಟ್ಟರು. ನನ್ನ ಹಾಜರಿ ಪುಸ್ತಕವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಟಾರ್ಚು ಹಿಡಿದು ಹೊರಗೆ ನಡೆದರು.

ಕಾರಿನ ಮೂಗಿನ ಹಿಂದೆ ಎರಡು ಜಾಲರಿಗಳು ಒಂದರ ಬೆನ್ನಿಗೊಂದು ನಿಂತಿರುತ್ತವೆ. ಮುಂದಿನದು ಏಸಿಯ ಕಂಡೆನ್ಸರ್, ಹಿಂದಿನದು ರೇಡಿಯೇಟರ್, ನಡುವೆ ಎರಡು ಬೆರಳು ಸಂದು. ಎದುರಿನಿಂದ ನೋಡಿದರೆ ಅಷ್ಟೇನೂ ಕಸ ಕಾಣದು. ಮೇಲಿನಿಂದ ಆ ಸಂದಿಗೆ ಟಾರ್ಚು ಬಿಟ್ಟಾಗ ಕಂಡದ್ದು ಕಂಬಳಿ! ಹುರುಳಿಯ ಹೊಟ್ಟು, ಎಲೆಯ ಪುಡಿ, ಸಿಪ್ಪೆ, ಎರಡು ಚಿಟ್ಟೆಯ ರೆಕ್ಕೆ, ಎಲ್ಲ ಸೇರಿ ಹೆಣೆದುಕೊಂಡು ರೇಡಿಯೇಟರಿನ ಎದೆಗೆ ಅಂಟಿತ್ತು. ನೀರು ಸುತ್ತುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಹಾಯುತ್ತಿರಲಿಲ್ಲ. ಸುಟ್ಟ ಪೆಟ್ರೋಲಿನ ಕಾವಿನಲ್ಲಿ ಕೆಲಸಕ್ಕೆ ಬರುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಇನ್ನೊಂದು ಪಾಲು ಸೈಲೆನ್ಸರಿನಿಂದ ಹೋಗುತ್ತದೆ, ಮತ್ತೊಂದು ಪಾಲನ್ನು ಈ ಜಾಲರಿಯೇ ಗಾಳಿಗೆ ಚೆಲ್ಲಬೇಕು. ಇಂಥದಕ್ಕೆ ತೂತುಗಳೇ ಪ್ರಾಣ. 1901ರ ಮರ್ಸಿಡಿಸ್ ಕಾರಿಗೆ ವಿಲ್‌ಹೆಲ್ಮ್ ಮೈಬಾಖ್ ಜೇನುಗೂಡಿನಂಥ ರೇಡಿಯೇಟರ್ ಮಾಡಿದಾಗ ಅದರಲ್ಲಿ 8,070 ಪುಟ್ಟ ಕೊಳವೆಗಳಿದ್ದವು. ಅವುಗಳ ಬಲದಿಂದ ಅಷ್ಟು ದೊಡ್ಡ ಎಂಜಿನ್ನಿಗೆ 9 ಲೀಟರು ನೀರು ಸಾಕಾಯಿತು. ಮೈಬಾಖ್ ಬಿಡಿಸಿಟ್ಟ ತೂತುಗಳನ್ನು ನಾನು ಪುಣ್ಯ ಮಾಡಿಕೊಂಡು ಮುಚ್ಚಿದ್ದೆ.

ಕಂಬಳಿ ಬಿಡಿಸಲು ಒಂದು ಹೊತ್ತು ಹಿಡಿಯಿತು. ಗಟ್ಟಿಯಾಗಿ ನೀರು ಹೊಡೆದರೆ ಜಾಲರಿಯ ತೆಳು ತಗಡು ಮಡಚಿಕೊಳ್ಳುತ್ತದೆ. ಎದುರಿನಿಂದ ಹೊಡೆದರೆ ಕಸ ಇನ್ನೂ ಒಳಕ್ಕೆ ಕೂರುತ್ತದೆ. ಎಂಜಿನ್ನಿನ ಕಡೆಯಿಂದ ಮುಂದಕ್ಕೆ, ಗಿಡಕ್ಕೆ ಹಾಕುವ ಪೈಪಿನಲ್ಲಿ ಸಣ್ಣಗೆ ನೀರು ಬಿಡುತ್ತ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸವರುತ್ತ ಕೂತೆವು. ಉಳಿದ ಎಳೆಗಳನ್ನು ನಮ್ಮಾಕೆ ಹೇರ್‌ಪಿನ್ನಿನಿಂದ ತೆಗೆದಳು. ಬರ್ಥಾಳ ನೆನಪಾಯಿತು, ಬಾಯಿ ಬಿಡಲಿಲ್ಲ.

ಆಮೇಲೆ ಹೊಸ ಮುಚ್ಚಳ. ಹಳೆಯ ನೀರೆಲ್ಲ ಬಸಿದು ಹೊಸ ಕೂಲೆಂಟು. ಹನೂರಿನಲ್ಲಿ ತುಂಬಿಸಿಕೊಂಡಿದ್ದ ಬೋರ್‌ವೆಲ್ ನೀರನ್ನು ಫೋರ್‌ಮನ್ನರು ಕ್ಷಮಿಸಲಿಲ್ಲ. "ಗೀಸರಿನ ಕಾಯಿಲಿಗೆ ಬಿಳೀ ಪೊರೆ ಕಟ್ಟಿದ್ದು ನೋಡಿದ್ದೀರಲ್ಲ? ಒಳಗೂ ಹಾಗೇ ಕಟ್ಟುತ್ತೆ. ಆಪತ್ತಿಗೆ ಸರಿ, ಸಂಸಾರಕ್ಕಲ್ಲ." ಇನ್ನೊಂದು ಭ್ರಮೆಯನ್ನೂ ಕಳೆದರು. ಕೂಲೆಂಟು ನೀರಿಗಿಂತ ಹೆಚ್ಚು ತಂಪು ಮಾಡುವುದಿಲ್ಲ. ಕಾವು ಹೊರುವುದರಲ್ಲಿ ಬರೀ ನೀರೇ ಮೇಲು. ಕೂಲೆಂಟು ಬೇಕಾದ್ದು ತುಕ್ಕು ಹಿಡಿಯದಿರಲಿ, ಕುದಿಯುವುದು ಇನ್ನಷ್ಟು ತಡವಾಗಲಿ ಎಂದು. ನೆಲಕ್ಕೆ ಬಿದ್ದ ನಾಲ್ಕು ಹನಿಯನ್ನು ಕೂತು ಬಟ್ಟೆಯಲ್ಲಿ ಒರೆಸಿದರು. ಅದರ ರುಚಿ ಸಿಹಿಯಂತೆ, ನಾಯಿ ಬೆಕ್ಕು ನೆಕ್ಕಿದರೆ ಪ್ರಾಣಕ್ಕೇ ಸಂಚಕಾರ. ಗೋಡೆಯ ಮೇಲೆ ಮಲಗುವ ಬೆಕ್ಕು ಎರಡೂ ಮನೆಗೆ ಸೇರಿದ್ದು.

ಕೊನೆಗೆ ಮುಚ್ಚಳ ತೆರೆದಿಟ್ಟು, ಹೀಟರ್ ಹಾಕಿ, ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟರು. ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಹೊರಬರುತ್ತದೆ, ನೀರು ಕೆಳಗಿಳಿಯುತ್ತದೆ, ಮತ್ತೆ ತುಂಬಬೇಕು. ಫ್ಯಾನು ಎರಡು ಸಲ ತಿರುಗಿ ಎರಡು ಸಲ ನಿಲ್ಲುವವರೆಗೂ ಕದಲಬಾರದಂತೆ. ಆ ಮುಕ್ಕಾಲು ಗಂಟೆ ನಾವು ಮೂವರೂ ಮೆಟ್ಟಿಲ ಮೇಲೆ ಕೂತು, ಹಸುಗೂಸು ತೇಗಲೆಂದು ಕಾಯುವವರ ಹಾಗೆ ಕಾದೆವು. ಮುಳ್ಳು ಅರ್ಧಕ್ಕೆ ಬಂದು ತನ್ನ ಹಳೆಯ ಜಾಗದಲ್ಲಿ ಮಲಗಿತು. ಒಟ್ಟು ಖರ್ಚು ಸಾವಿರದ ಆಸುಪಾಸು, ಒಂದು ಹಾಲಿನ ಪಾತ್ರೆ ಬೇರೆ.

ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ಗೋಡೆಯ ಮೇಲೆ ಮೊಣಕೈ ಇಟ್ಟ ಫೋರ್‌ಮನ್ನರು, "ಮೇಷ್ಟ್ರೇ, ಇಲ್ಲಿ ನೋಡಿ" ಎಂದು ಬೆರಳು ತೋರಿಸಿದರು. ಕಾರು ತೊಳೆದ ನೀರು ಹರಿದು ಹೋದ ಕಡೆ, ದಾಸವಾಳದ ಬುಡದಲ್ಲಿ, ಮೂರು ಮೂರು ಎಲೆಯ ಏಳೆಂಟು ಎಳೇ ಸಸಿಗಳು. ಬಂಪರಿನ ಸಂದಿಯಲ್ಲಿ ಕೂತು ಬಂದ ಕೌದಳ್ಳಿಯ ಹುರುಳಿ.

ಕಳೆಯೆಂದು ಕೀಳಲು ಬಗ್ಗಿದೆ. ಮೂರು ಲೋಟ ಹಿಡಿದು ಬಂದ ನಮ್ಮಾಕೆ ತಡೆದಳು.

"ಇರಲಿ ಬಿಡ್ರೀ. ಕಾಯಾಗೋವರೆಗೆ ಕಾಯಿರಿ."